ಗಣಕಯಂತ್ರದ ಟೆಂಡರೂ ರೈತನ ಮನಸ್ಸೂ

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರಗಳಂದು ಮೆಣಸಿನಕಾಯಿಯ ವ್ಯಾಪಾರ ನಡೆಯುವುದು ಬಹುಮಂದಿ ಹಿಡುವಳಿದಾರರಿಗೆ ತಿಳಿದ ವಿಷಯವೇ ಆಗಿದೆ. ಖಾರವು ಕಡಮೆಯಾಗಿಯೂ ಬಣ್ಣವು ಹೆಚ್ಚಾಗಿಯೂ ಇರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ನೋಂದಣಿಯೂ ದೊರೆತಿದೆ. ಸುಗ್ಗಿಯ ಕಾಲದಲ್ಲಿ ಬೆಳಗಾಗುವುದರೊಳಗೆ ಪ್ರಾಂಗಣವೆಲ್ಲ ಕೆಂಪಾಗಿರುತ್ತದೆ. ಒಳಹೊಕ್ಕವನು ಸೀನದೆ ಹೊರಬರುವುದು ಕಷ್ಟ. ಇಂಥ ಪೇಟೆಯಲ್ಲಿ 2024ನೆಯ ಇಸವಿ ಮಾರ್ಚಿ 11ರಂದು, ಧಾರಣೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಛೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಧಾರಣೆಯನ್ನು ತಿಳಿಸಿದ್ದು ಯಂತ್ರ. ಸಿಟ್ಟು ಮಾತ್ರ ಮನುಷ್ಯರದು. ಈ ಎರಡಕ್ಕೂ ನಡುವಣ ಸಂಬಂಧವೇನೆಂಬುದನ್ನು ಊರಿನ ಯಜಮಾನರು ಯೋಚಿಸತಕ್ಕದ್ದು ಅವಶ್ಯಕವಾಗಿದೆ.

ಹಿಂದಿನ ಕಾಲದಲ್ಲಿ ಅನೇಕ ಪೇಟೆಗಳಲ್ಲಿ ಬಟ್ಟೆಯ ಮರೆಯೊಳಗೆ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲಿನ ಯಜಮಾನನು ಪಕ್ಕದಲ್ಲಿಯೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯೂ, ದೇಶದ ಮಟ್ಟದಲ್ಲಿ 2016ನೆಯ ಏಪ್ರಿಲ್ 14ರಂದು ಇ-ನಾಮ್ ಎಂಬ ವ್ಯವಸ್ಥೆಯೂ ಪ್ರಾರಂಭವಾದವು. ಇವುಗಳ ಕ್ರಮವು ಸರಳವಾದುದು. ಬಾಗಿಲಿನಲ್ಲಿ ಮಾಲನ್ನು ದಾಖಲುಮಾಡಿ ರಾಶಿಗೊಂದು ಸಂಖ್ಯೆ ಕೊಡುತ್ತಾರೆ. ವರ್ತಕರು ರಾಶಿಯನ್ನು ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ತಿಳಿಯದಂತೆ ಅಂತರ್ಜಾಲದ ಮೂಲಕ ನಮೂದಿಸುತ್ತಾರೆ. ಹೊತ್ತು ಮುಗಿದೊಡನೆ ಅತ್ಯಧಿಕ ದರವು ಪ್ರಕಟವಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗೆ ಉಂಟು. ಕರ್ನಾಟಕದ ಈ ವೇದಿಕೆಯನ್ನು ಕುರಿತು 2020ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ ಭತ್ತದ ಧಾರಣೆ ಶೇಕಡಾ 5.1, ಕಡಲೆಕಾಯಿಯದು 3.6, ಮೆಕ್ಕೆಜೋಳದ್ದು 3.5ರಷ್ಟು ಏರಿತೆಂದು ಕಂಡುಬಂದಿದೆ. ಎಲ್ಲ ಮಾಲುಗಳಿಗೂ ಹೀಗಾಯಿತೆಂದು ಹೇಳುವಂತಿಲ್ಲ. ಆದರೂ ಇದು ಅಲಕ್ಷ್ಯ ಮಾಡತಕ್ಕ ಲಾಭವಲ್ಲ.

ಆದರೆ ಬೇಡವೆನ್ನುವ ಹಕ್ಕನ್ನು ಚಲಾಯಿಸುವವರು ಎಷ್ಟು ಮಂದಿ? ಬಿತ್ತನೆಯ ಕಾಲಕ್ಕೆ ದಲ್ಲಾಳಿಯಿಂದ ಕೈಗಡ ತಂದವನು, ಅದೇ ದಲ್ಲಾಳಿಯ ಅಂಗಡಿಯ ಮುಂದೆ ಚೀಲ ಇಳಿಸಿ, ಸಂಜೆಗೆ ದರವು ಕಡಮೆಯಾಯಿತೆಂದು ತಲೆಯಲ್ಲಾಡಿಸುವುದು ಸುಲಭವಲ್ಲ. ದಲ್ಲಾಳಿಯನ್ನು ಕೇವಲ ಶತ್ರುವೆಂದು ಬಗೆಯುವುದೂ ಸರಿಯಲ್ಲ. ನಡುರಾತ್ರಿ ಆಸ್ಪತ್ರೆಗೆ ಹಣ ಬೇಕಾದಾಗ ಬಾಗಿಲು ತೆರೆಯುವವನು ಅನೇಕವೇಳೆ ಅವನೇ. ಆ ಉಪಕಾರದ ಭಾರವು ಯಾವ ಟೆಂಡರಿನ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಕೈ ಬರಿದಾದ ಕಾಲದಲ್ಲಿ ಬುದ್ಧಿಯೂ ಮಂಕಾಗುತ್ತದೆಂದು ಹಿರಿಯರು ಹೇಳುವುದುಂಟು. ತಮಿಳುನಾಡಿನಲ್ಲಿ 464 ಮಂದಿ ಕಬ್ಬಿನ ಬೆಳೆಗಾರರನ್ನು ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಪರೀಕ್ಷಿಸಿದ ಫಲಿತಾಂಶವು 2013ರಲ್ಲಿ ಪ್ರಕಟವಾಯಿತು. ಅದೇ ರೈತನು ಕಟಾವಿಗೆ ಮುಂಚೆ, ಸಾಲ ಒತ್ತೆಗಳ ಚಿಂತೆಯಲ್ಲಿದ್ದಾಗ, ಯೋಚನೆಯ ಲೆಕ್ಕಗಳಲ್ಲಿ ಹಿಂದೆ ಬಿದ್ದನು. ಹಣ ಕೈಸೇರಿದ ಮೇಲೆ ಚುರುಕಾದನು. ಆದುದರಿಂದ ಸಾಲಗಾರನಾದ ರೈತನು ದುಡುಕಿ ಮಾರಿದಾಗ ಅವನನ್ನು ದಡ್ಡನೆಂದು ಜರೆಯುವ ಶ್ರೀಮಂತ ನೆರೆಯವನು ತಾನೂ ಆ ತಿಂಗಳಿನಲ್ಲಿ ಅದೇ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದನೆಂಬುದನ್ನು ಆಲೋಚಿಸಬೇಕು.

ಅನುಕೂಲಸ್ಥರಿಗೆ ಬೇರೊಂದು ರೋಗವುಂಟು. ಅದು ಹಳೆಯ ಧಾರಣೆಯ ನೆನಪು. ಕಾನಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಬರೆದ ಲೇಖನದಲ್ಲಿ, ಮನುಷ್ಯನು ಲಾಭನಷ್ಟಗಳನ್ನು ತನ್ನ ಮನಸ್ಸಿನಲ್ಲಿ ನೆಟ್ಟುಕೊಂಡ ಒಂದು ಗುರುತಿನಿಂದ ಅಳೆಯುತ್ತಾನೆಂದೂ, ಬಂದ ಹಣದ ಸಂತೋಷಕ್ಕಿಂತ ಹೋದ ಹಣದ ದುಃಖವೇ ದೊಡ್ಡದೆಂದೂ ತೋರಿಸಿದರು. ಇವರಲ್ಲಿ ಕಾನಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಹೋದ ವರ್ಷ ನೆರೆಯವನಿಗೆ ಸಿಕ್ಕಿದ ದರವೇ ನಮ್ಮ ರೈತರ ಗುರುತಿನ ಕಲ್ಲು. ಅದಕ್ಕಿಂತ ಕೆಳಗಿನದೆಲ್ಲ ನಷ್ಟವೆಂದೇ ಅವರಿಗೆ ತೋರುತ್ತದೆ.

ಒಂದು ಉದಾಹರಣೆಯನ್ನು ಭಾವಿಸೋಣ. ಇಂದು ಟೆಂಡರಿನಲ್ಲಿ ಕ್ವಿಂಟಾಲಿಗೆ 14,000 ರೂಪಾಯಿ ಬಂದಿದೆ. ಹೋದ ಸಾಲಿನ 20,000 ಕಣ್ಣಿಗೆ ಕಟ್ಟಿದೆ. ರೈತನು ಮಾಲನ್ನು ಶೀತಲಗೃಹಕ್ಕೆ ಸಾಗಿಸುತ್ತಾನೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಸಾಲವಿದ್ದರೆ, ಆ 14,000ದ ಮೇಲೆ ಆರು ತಿಂಗಳಿಗೆ 1,680 ರೂಪಾಯಿ ಬಡ್ಡಿ ಬೆಳೆಯಿತು. ಬಾಡಿಗೆ, ಹಮಾಲಿ, ಸಾಗಣೆಗೆ 300 ಎನ್ನೋಣ. ತೂಕವು ನೂರಕ್ಕೆ ಮೂರರಂತೆ ತಗ್ಗಿದರೆ ಸುಮಾರು 420. ಒಟ್ಟು 2,400. ಅಂದರೆ ಧಾರಣೆಯು 16,400ಕ್ಕೆ ಏರಿದ ದಿನವೂ ಅವನು ಇಂದಿನ ಸ್ಥಳದಲ್ಲಿಯೇ ನಿಂತಿರುತ್ತಾನೆ, ಆರು ತಿಂಗಳ ನಿದ್ದೆ ಕೆಟ್ಟುದೊಂದೇ ಅಧಿಕ. ಹಾಗೆಂದು ಇಡಲೇಬಾರದೆಂದಲ್ಲ. ಸಾಲವಿಲ್ಲದವನಿಗೆ ಬಡ್ಡಿಯ ಭಾರ ಇಷ್ಟಿಲ್ಲವಾದುದರಿಂದ, ಇಡುವುದು ಅವನಿಗೆ ಯುಕ್ತವಾಗಬಹುದು. ಲೆಕ್ಕ ಮಾಡಿ ಇಟ್ಟವನು ಬೇರೆ, ಹಟದಿಂದ ಇಟ್ಟವನು ಬೇರೆ. ಗೊಬ್ಬರಕ್ಕೂ ಔಷಧಕ್ಕೂ ಹಾಕಿದ ಹಣವನ್ನು ಈ ಲೆಕ್ಕಕ್ಕೆ ತರಕೂಡದು; ಮಾರಿದರೂ ಇಟ್ಟರೂ ಅದು ಹೋದದ್ದೇ.

ಇನ್ನು ನಂಬಿಕೆಯ ಮಾತು. ದೂರದೂರಿನ ವರ್ತಕನು ಅಂತರ್ಜಾಲದಲ್ಲಿ ದರ ಹಾಕುವಾಗ ಕಾಯಿಯನ್ನು ಮುರಿದು ನೋಡಲಾರನು. ತೇವವಿದೆಯೇ, ಒಳಗೆ ಬೂಷ್ಟು ಹಿಡಿದಿದೆಯೇ ಎಂದು ಮೂಸಲಾರನು. ಒಳ್ಳೆಯದನ್ನು ಕೆಟ್ಟದರಿಂದ ಬೇರ್ಪಡಿಸಲಾಗದ ಕೊಳ್ಳುವವನು ಎಲ್ಲಕ್ಕೂ ನಡುದರವನ್ನೇ ಕೊಡುತ್ತಾನೆ, ಆಗ ಒಳ್ಳೆಯ ಮಾಲಿನವರು ಪೇಟೆಯಿಂದ ಹಿಂಜರಿಯುತ್ತಾರೆ. ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಮೋಟಾರು ಕಾರುಗಳ ವ್ಯಾಪಾರವನ್ನು ಹಿಡಿದು ಇದನ್ನು ವಿವರಿಸಿದರು. ತೂಕಕ್ಕಾಗಿ ರಾಶಿಗೆ ನೀರು ಚಿಮುಕಿಸುವವನು ತನ್ನ ಚೀಲವನ್ನಷ್ಟೇ ಅಲ್ಲ, ಊರಿನ ಎಲ್ಲರ ಚೀಲವನ್ನೂ ನೆನೆಸಿದಂತೆ. ಹೊರಗಿನ ವರ್ತಕನ ಲೆಕ್ಕದಲ್ಲಿ ಊರಿಗೆಲ್ಲ ಒಂದೇ ಹೆಸರು.

ಮಾಲಿನ ಹಣವು ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವ ಕಡೆಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬಹುದು. ಗದ್ದೆಯಲ್ಲಿ ಕಾಯಿ ಬಿಡಿಸಿ, ಕಣದಲ್ಲಿ ಒಣಗಿಸಿ, ಬಿಳಿಗಾಯಿ ಆರಿಸಿ ತೆಗೆಯುವವರು ಬಹುಮಟ್ಟಿಗೆ ಹೆಂಗಸರು. ಖಾತೆಯು ಮಾತ್ರ ಗಂಡಸಿನ ಹೆಸರಿನಲ್ಲಿರುವುದೇ ಹೆಚ್ಚು. ಮನೆಯ ಕೈಗಡಗಳ ನಿಜವಾದ ಪಟ್ಟಿಯನ್ನು ಬಲ್ಲವಳು ಮನೆಯಾಕೆಯೇ ಆದುದರಿಂದ, ಮಾರುವುದೋ ಇಡುವುದೋ ಎಂಬ ಮಾತುಕತೆಯಲ್ಲಿ ಅವಳನ್ನು ಬಿಟ್ಟು ಮಾಡಿದ ಲೆಕ್ಕವು ಅರ್ಧ ಲೆಕ್ಕವೇ.

ಯಜಮಾನರಾದವರು ಮಾಡಬಹುದಾದುದು ಬಹಳವಿಲ್ಲದಿದ್ದರೂ ಸ್ವಲ್ಪವಿದೆ. ಸುಗ್ಗಿಗೆ ಎರಡು ತಿಂಗಳ ಮೊದಲೇ, ಮನಸ್ಸು ಶಾಂತವಾಗಿರುವಾಗ, ಇಂಥ ದರ ಬಂದರೆ ಇಷ್ಟು ಚೀಲ ಮಾರುವುದು, ಬಾರದಿದ್ದರೆ ಇಷ್ಟನ್ನು ಇಡುವುದೆಂದು ಪ್ರತಿಯೊಬ್ಬ ರೈತನಿಂದಲೂ ಬರೆಯಿಸಿ ಇಡತಕ್ಕದ್ದು. ಕೈಗಡದ ಬದಲು ಸಹಕಾರ ಸಂಘದ ಸಾಲವಾಗಲಿ, ಉಗ್ರಾಣದ ರಸೀತಿಯ ಮೇಲೆ ಸಾಲವಾಗಲಿ ದೊರೆಯುವುದೇ ಎಂದು ಮುಂಚಿತವಾಗಿ ವಿಚಾರಿಸಿಕೊಡತಕ್ಕದ್ದು. ಟೆಂಡರಿನ ದಿನ ಓದುಬರಹ ಬಲ್ಲ ಹುಡುಗನೊಬ್ಬನನ್ನು ಊರಿನ ಗಾಡಿಗಳ ಸಂಗಡ ಕಳುಹಿಸುವುದು ಒಳ್ಳೆಯದು. ದರ ಪ್ರಕಟವಾದ ಮೇಲೆ, ಚೀಲಗಳು ತಕ್ಕಡಿಗೆ ಏರುವ ಮುಂಚೆ, ಹಿಂದೆ ಬರೆದಿಟ್ಟ ಆ ಚೀಟಿಯನ್ನು ಅವನು ಯಜಮಾನನ ಕೈಗೆ ಕೊಟ್ಟರೆ ಸಾಕು.