ಬರಿಗಾಲಿನ ಹವ್ಯಾಸಿ

'ಹವ್ಯಾಸಿ ಆಟಗಾರ' ಎಂಬ ಮಾತನ್ನು ಈಗ ನಾವು ತುಸು ಉದಾಸೀನದಿಂದಲೇ ಆಡುತ್ತೇವೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅದೊಂದು ಬಿರುದಿನಂತಿತ್ತು. ಕೆಂಪು ಗಡ್ಡದ ಆರ್ಥರ್ ಕಿನ್ನೇರ್ಡ್ ಎಂಬಾತ ಎಫ್.ಎ. ಕಪ್ ಫುಟ್‌ಬಾಲಿನ 9 ಅಂತಿಮ ಪಂದ್ಯಗಳಲ್ಲಿ ಆಡಿ 5ನ್ನು ಗೆದ್ದ. ಬ್ಯಾಂಕ್ ನಡೆಸುವ ಮನೆತನದವನು, ಮುಂದೆ ಲಾರ್ಡ್ ಆದವನು. ಆಟಕ್ಕೆ ಹಣ ಪಡೆಯುವುದು ಅಂಥವರಿಗೆ ಅವಮಾನ. ಪಡೆಯುವ ಅಗತ್ಯವೂ ಇರಲಿಲ್ಲವೆನ್ನಿ. ಗಿರಣಿ ಕಾರ್ಮಿಕನಾದರೋ ಕೂಲಿ ಬಿಟ್ಟು ಆಡಬೇಕಿತ್ತು. ಕೊನೆಗೆ 1885ರಲ್ಲಿ ಇಂಗ್ಲೆಂಡ್ ವೃತ್ತಿಪರ ಆಟವನ್ನು ಒಪ್ಪಿಕೊಂಡಿತು. ಒಲಿಂಪಿಕ್ಸ್ ಮಾತ್ರ ಹಳೆಯ ಮಡಿಯನ್ನು ದಶಕಗಳ ಕಾಲ ಬಿಡಲಿಲ್ಲ. ಬೆಂಗಳೂರಿನ ಅಹಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ್ದು ಆ ನಿಯಮದ ಅಡಿಯಲ್ಲೇ.

ದಂಡು ಪ್ರದೇಶದ ಗೋರಾ ಸಿಪಾಯಿಗಳ ಆಟವನ್ನು ಬೆಂಗಳೂರಿನ ಹುಡುಗರು ಬೇಗ ತಮ್ಮದಾಗಿಸಿಕೊಂಡಿದ್ದರು. 1937ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಅದನ್ನು ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. 1926ರಲ್ಲಿ ಹುಟ್ಟಿದ ಅಹಮದ್ ಬೆಳೆದದ್ದು ಇಂಥ ಊರಿನಲ್ಲಿ, ಫುಟ್‌ಬಾಲೇ ಉಸಿರಾಗಿದ್ದ ಮನೆಯಲ್ಲಿ.

ಆಗಿನ ನಮ್ಮವರು ಹೆಚ್ಚಾಗಿ ಬರಿಗಾಲಿನಲ್ಲಿ ಆಡುತ್ತಿದ್ದರು. ಇದು ಬಡತನದ ಗುರುತು ಮಾತ್ರವಲ್ಲ. ಗಟ್ಟಿ ಮಣ್ಣಿನ ಒಣ ಮೈದಾನದಲ್ಲಿ ಬೆರಳು ನೆಲವನ್ನು ಹಿಡಿಯುತ್ತದೆ, ಚೆಂಡು ಎಲ್ಲಿದೆಯೆಂದು ಪಾದಕ್ಕೇ ತಿಳಿಯುತ್ತದೆ. ಚೆಂಡನ್ನು ಹಾವಿನಂತೆ ಆಡಿಸುವ ಅಹಮದರನ್ನು ಜನ 'ಹಾವಾಡಿಗ' ಎಂದು ಕರೆದದ್ದು ಸುಮ್ಮನೆ ಅಲ್ಲ. ಆದರೆ ಹುಲ್ಲು ಒದ್ದೆಯಾದರೆ ಕಾಲು ಜಾರುತ್ತದೆ. ನೀರು ಕುಡಿದ ಅಂದಿನ ಚರ್ಮದ ಚೆಂಡು ಕಲ್ಲಾಗುತ್ತದೆ.

1948ರಲ್ಲಿ ಲಂಡನ್ನಿನಲ್ಲಿ ಬಹುಪಾಲು ಬರಿಗಾಲಿನ ಭಾರತ ತಂಡ ಫ್ರಾನ್ಸನ್ನು ಕೊನೆಯ ನಿಮಿಷದವರೆಗೆ ತಡೆದಿತ್ತು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ 2-1ರಲ್ಲಿ ಸೋಲಾಯಿತು. ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅಹಮದರನ್ನು ಕರೆಸಿಕೊಂಡಿತು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆ ಸೇರಿ ಅವರು 'ಪಂಚಪಾಂಡವ'ರಲ್ಲಿ ಒಬ್ಬರಾದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಆ ತಂಡದ್ದಾಯಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅಹಮದ್ ತಂಡದಲ್ಲಿದ್ದರು.

ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ಯುಗೊಸ್ಲಾವಿಯಾದವರೂ ದಾಖಲೆಯಲ್ಲಿ ಹವ್ಯಾಸಿಗಳೇ! ಸರ್ಕಾರವೇ ಸಾಕುವ ಆಟಗಾರ ವೃತ್ತಿಪರನಲ್ಲ ಎಂಬ ಕಮ್ಯುನಿಸ್ಟ್ ದೇಶಗಳ ಲೆಕ್ಕಾಚಾರವನ್ನು ಕಂಡಿದ್ದರೆ ಕಿನ್ನೇರ್ಡ್ ಏನೆನ್ನುತ್ತಿದ್ದನೋ. ಆ ತಂಡ ಕೊನೆಗೆ ಬೆಳ್ಳಿ ಗೆದ್ದಿತು. ಭಾರತದ ಆ ಒಂದು ಗೋಲು ಅಹಮದ್ ಖಾನರದು. ಸೋಲಿನ ಬಳಿಕ ದೇಶದಲ್ಲಿ ಬೂಟು ಕಡ್ಡಾಯವಾಯಿತು.

1959ರವರೆಗೆ ಈಸ್ಟ್ ಬೆಂಗಾಲ್‌ಗೆ ಆಡಿದ ಅಹಮದ್ ಖಾನ್ 2017ರ ಆಗಸ್ಟ್‌ನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 90 ವರ್ಷ.