ರೇಷ್ಮೆ ಬೆಳೆಗಾರರ ವಾಟ್ಸಾಪ್ ಗುಂಪು: ನಿರ್ವಹಣಾ ಕ್ರಮಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೇಷ್ಮೆ ಬೆಳೆಗಾರರೇ, ಕೀಟನಾಶಕದ ಅಂಶ ಉಳಿದ ಸೊಪ್ಪನ್ನು ತಿಂದ ಹುಳುಗಳು ಸಾಯುತ್ತವೆ. ಆದುದರಿಂದ ವಾಟ್ಸಾಪ್ ಗುಂಪಿನ ಒಂದು ತಪ್ಪು ಸಲಹೆಯೂ ಇಡೀ ಬೆಳೆಯನ್ನು ಹಾಳುಮಾಡಬಲ್ಲದು. ಗುಂಪಿನಲ್ಲಿ ಈ ಕ್ರಮಗಳನ್ನು ಪಾಲಿಸಿರಿ.

1. ಔಷಧದ ಹೆಸರು, ಪ್ರಮಾಣ ಹಾಗೂ ಸಿಂಪಡಣೆಯ ನಂತರ ಸೊಪ್ಪು ಕೊಯ್ಯಲು ಕಾಯಬೇಕಾದ ದಿನಗಳನ್ನು ತಿಳಿಸದ ಸಲಹೆಯನ್ನು ಅನುಸರಿಸಬಾರದು.

2. ಹಿಪ್ಪುನೇರಳೆ ತೋಟದ ಪಕ್ಕದ ಹೊಲಕ್ಕೆ ಸಿಂಪಡಿಸುವವರು ಹಿಂದಿನ ದಿನವೇ ಗುಂಪಿಗೆ ತಿಳಿಸಬೇಕು.

3. ತಪ್ಪು ಸಂದೇಶವನ್ನು ಅಳಿಸಿದರೆ ಸಾಲದು. ಅದನ್ನು ಓದಿದವರಿಗಾಗಿ ಸರಿಯಾದ ಮಾಹಿತಿಯನ್ನು ಅದೇ ದಿನ ಹಾಕಬೇಕು.

4. ಹುಳುಗಳಲ್ಲಿ ರೋಗ ಕಂಡಿದೆಯೆಂದು ತಿಳಿಸಿದವರನ್ನು ಹೀಯಾಳಿಸಬಾರದು. ಹೀಯಾಳಿಸಿದರೆ ಮುಂದೆ ಯಾರೂ ಹೇಳುವುದಿಲ್ಲ. ರೋಗ ನೆರೆಯವರ ಸಾಕಣೆಗೂ ಹರಡುತ್ತದೆ.

ಸಂಶಯವಿದ್ದಲ್ಲಿ ವಿಸ್ತರಣಾ ಕಾರ್ಯಕರ್ತರು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರವನ್ನು ವಿಚಾರಿಸಿ, ದೊರೆತ ಉತ್ತರವನ್ನು ಗುಂಪಿನಲ್ಲಿ ಹಂಚಬೇಕು.