ಬಾಡಿಗೆ ಕಾರಿನ ನಿಜವಾದ ಬೆಲೆ: ವೇಲ್ಸ್ ಹಳ್ಳಿಗಾಡಿನ ಮೂರು ದಿನದ ಲೆಕ್ಕ

ಐಸಾ, ಪೆನ್ಷನ್, ಎನ್‌ಆರ್‌ಇ ಖಾತೆಗಳ ಮಾತಿಗೆ ಈ ಸಲ ಸ್ವಲ್ಪ ಬಿಡುವು. ಬೇಸಿಗೆ ಬಂದರೆ ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಲಂಡನ್ ತೋರಿಸಿದ ಮೇಲೆ ಎರಡು ಮೂರು ದಿನ ಹಳ್ಳಿ ಕಡೆ ಹೋಗೋಣ ಅನ್ನಿಸುತ್ತದೆ. ಸ್ವಂತ ಕಾರಿಲ್ಲದವರಿಗೆ ಆಗ ಬಾಡಿಗೆ ಕಾರೇ ಗತಿ. ಆದರೆ ಬುಕಿಂಗ್ ಮಾಡುವಾಗ ಕಾಣುವ ದರ ಒಂದು, ಕೊನೆಗೆ ಕಾರ್ಡಿನಿಂದ ಹೋಗುವ ಹಣ ಇನ್ನೊಂದು. ಈ ಅಂತರ ಹುಟ್ಟುವುದು ಬಹುಪಾಲು ಕೀಲಿ ಕೊಡುವ ಕೌಂಟರಿನಲ್ಲಿ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಸಿದ್ಧ ಮಾಡಿಕೊಂಡರೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ನನ್ನದೇ ಪ್ರವಾಸದ ಲೆಕ್ಕದಿಂದ ತೋರಿಸುತ್ತೇನೆ.

ಕಾರೇ ಯಾಕೆ?

ನಾವು ಇರುವುದು ರೆಡಿಂಗ್‌ನಲ್ಲಿ. ಹೋಗಬೇಕಿದ್ದದ್ದು ವೇಲ್ಸ್‌ನ ಬ್ರೆಕನ್ ಬೀಕನ್ಸ್ ಕಡೆಗೆ. 2023ರಿಂದ ಆ ರಾಷ್ಟ್ರೀಯ ಉದ್ಯಾನ ತನ್ನ ವೆಲ್ಷ್ ಹೆಸರಾದ ಬನ್ನೌ ಬ್ರಹೇನಿಯೋಗ್ ಅನ್ನೇ ಬಳಸುತ್ತಿದೆ. ಬ್ರೆಕನ್ ಪಟ್ಟಣಕ್ಕೆ 1962ರ ಕೊನೆಯಿಂದ ರೈಲು ಇಲ್ಲ. ಅಬರ್‌ಗವೆನ್ನಿವರೆಗೆ ರೈಲಿನಲ್ಲಿ ಹೋಗಿ ಬಸ್ ಹಿಡಿಯಬಹುದು, ಆದರೆ ನಾವು ಉಳಿಯುವ ತೋಟದ ಮನೆ ಬಸ್ ನಿಲ್ದಾಣದಿಂದ ಮೂರು ಮೈಲಿ. ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ಹಳೆ ಪುಸ್ತಕದ ಅಂಗಡಿಗಳ ಊರಾದ ಹೇ-ಆನ್-ವೈ ನೋಡಲೇಬೇಕು. ನಾಲ್ಕು ಜನಕ್ಕೆ ರೈಲು, ಬಸ್, ಟ್ಯಾಕ್ಸಿ ಎಲ್ಲ ಕೂಡಿಸಿದರೆ ಕಾರೇ ಅಗ್ಗ.

ಎರಡು ಲೆಕ್ಕ

ಮೊದಲು ಕಂಡ ದರ ಸಣ್ಣ ಗೇರ್ ಕಾರಿಗೆ 3 ದಿನಕ್ಕೆ 108 ಪೌಂಡ್. ನನಗೆ ಬೇಕಿದ್ದದ್ದು ಆಟೋಮ್ಯಾಟಿಕ್, ಅದಕ್ಕೆ 144. ಬಾಡಿಗೆಯನ್ನು ಸಾಮಾನ್ಯವಾಗಿ 24 ಗಂಟೆಯ ಲೆಕ್ಕದಲ್ಲಿ ಹಾಕುತ್ತಾರೆ. ಶುಕ್ರವಾರ ಸಂಜೆ 5ಕ್ಕೆ ತೆಗೆದುಕೊಂಡು ಸೋಮವಾರ ಬೆಳಿಗ್ಗೆ 9ಕ್ಕೆ ಕೊಟ್ಟರೆ 3 ದಿನ. ಅದೇ ಕಾರನ್ನು ಸೋಮವಾರ ಸಂಜೆ 5 ದಾಟಿದ ಮೇಲೆ ಕೊಟ್ಟಿದ್ದರೆ 4 ದಿನದ ಬಾಡಿಗೆ ಆಗಬಹುದಿತ್ತು.

ಕೌಂಟರಿನಲ್ಲಿ ಕೇಳಿದ್ದು ಇಷ್ಟು: ಎಕ್ಸೆಸ್ ಮನ್ನಾ ದಿನಕ್ಕೆ 22 ಪೌಂಡ್, ಎರಡನೇ ಡ್ರೈವರ್ ದಿನಕ್ಕೆ 12, ರಸ್ತೆ ಮಧ್ಯದ ನೆರವು ದಿನಕ್ಕೆ 5. ಎಲ್ಲಕ್ಕೂ ಹೂಂ ಅಂದಿದ್ದರೆ 117 ಪೌಂಡ್ ಹೆಚ್ಚು. ಪೆಟ್ರೋಲ್ 55, ಪಾರ್ಕಿಂಗ್ 12 ಸೇರಿಸಿ ಒಟ್ಟು 328.

ನಾನು ಕೊಟ್ಟದ್ದು: ಬಾಡಿಗೆ 144, ಬೇರೆ ಕಡೆ ಕೊಂಡ ಎಕ್ಸೆಸ್ ವಿಮೆಯ ಪಾಲು 12, ಪೆಟ್ರೋಲ್ ಮತ್ತು ಪಾರ್ಕಿಂಗ್ 67. ಒಟ್ಟು 223. ಒಂದು ವಾರಾಂತ್ಯಕ್ಕೆ 105 ಪೌಂಡ್ ಉಳಿತಾಯ. ವರ್ಷಕ್ಕೆ ನಾಲ್ಕು ಸಲ ಹೀಗೆ ಹೋಗುವವರಿಗೆ ಇದು ಊರಿಗೆ ಹೋಗುವ ಒಂದು ವಿಮಾನ ಟಿಕೆಟ್ಟಿನ ದೊಡ್ಡ ಪಾಲು.

ಎಕ್ಸೆಸ್ ಅಂದರೇನು?

ಇಲ್ಲಿ ಬಾಡಿಗೆಯಲ್ಲೇ ಥರ್ಡ್ ಪಾರ್ಟಿ ವಿಮೆ ಸೇರಿರುತ್ತದೆ. ಬಾಡಿಗೆ ಕಾರಿಗೇ ಪೆಟ್ಟಾದರೆ ಮೊದಲ ಭಾಗ ನಿಮ್ಮ ಜೇಬಿನಿಂದ. ಅದೇ ಎಕ್ಸೆಸ್. ನಮ್ಮೂರಿನಲ್ಲಿ ಸಣ್ಣ ಕಾರಿನ ಪಾಲಿಸಿಯಲ್ಲಿ ಈ ಕಡ್ಡಾಯ ಭಾಗ 1,000 ರೂಪಾಯಿ. ನನ್ನ ಬಾಡಿಗೆ ಒಪ್ಪಂದದಲ್ಲಿ ಇದ್ದದ್ದು 1,500 ಪೌಂಡ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಇದನ್ನು ಸುಮ್ಮನೆ ತಲೆಯ ಮೇಲೆ ಹೊತ್ತು ಹೋಗುವುದು ಜಾಣತನವಲ್ಲ. ವೇಲ್ಸ್‌ನ ಒಳರಸ್ತೆಗಳು ಒಂದು ಕಾರಿನಷ್ಟೇ ಅಗಲ, ಎರಡೂ ಕಡೆ ಮುಳ್ಳುಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಿ ದಾರಿ ಬಿಡಬೇಕು.

ಅಪಾಯವನ್ನು ಮುಚ್ಚಿಕೊಳ್ಳಲು ಎರಡು ದಾರಿ. ಒಂದು, ಕೌಂಟರಿನ ಮನ್ನಾ. ಇನ್ನೊಂದು, ಬೇರೆ ವಿಮಾ ಕಂಪನಿಯಿಂದ ಕೊಳ್ಳುವ ಎಕ್ಸೆಸ್ ಪಾಲಿಸಿ. ನನ್ನ ವಾರ್ಷಿಕ ಪಾಲಿಸಿಗೆ 48 ಪೌಂಡ್. ನಾಲ್ಕು ಪ್ರವಾಸಕ್ಕೆ ಹಂಚಿದರೆ ತಲಾ 12. ಟೈರು, ಗಾಜು, ಕಾರಿನ ತಳಭಾಗ ಅನೇಕ ಮೂಲ ಒಪ್ಪಂದಗಳಲ್ಲಿ ಸೇರಿರುವುದಿಲ್ಲ. ನನ್ನ ಪಾಲಿಸಿಯಲ್ಲಿ ಇವೂ ಇದ್ದವು.

ಆದರೆ ಒಂದು ಮಾತು ನೆನಪಿರಲಿ. ಹೊರಗಿನ ಪಾಲಿಸಿ ಇದ್ದರೂ ಬಾಡಿಗೆ ಕಂಪನಿಗೆ ಮೊದಲು ಹಣ ಕೊಡುವವರು ನೀವೇ. ಆಮೇಲೆ ಬಿಲ್ಲು, ಫೋಟೊ ಕಳಿಸಿ ವಾಪಸ್ ಪಡೆಯಬೇಕು. ಹೀಗಾಗಿ ಕಾರ್ಡಿನಲ್ಲಿ ಅಷ್ಟು ಮಿತಿ ಇಲ್ಲದವರಿಗೆ, ಇತ್ತೀಚೆಗಷ್ಟೇ ಬಂದು ತುರ್ತು ನಿಧಿ ಇನ್ನೂ ಕಟ್ಟಿಕೊಳ್ಳದವರಿಗೆ ಕೌಂಟರಿನ ಮನ್ನಾವೇ ಸರಿಯಾಗಬಹುದು. ಪಾಲಿಸಿಯನ್ನು ಕಾರು ತೆಗೆದುಕೊಳ್ಳುವ ಮೊದಲೇ ಕೊಂಡಿರಬೇಕು. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದರೆ ಯಾವ ವಿಮೆಯೂ ಕೈ ಹಿಡಿಯುವುದಿಲ್ಲ. ಅದಕ್ಕೇ ಮೂರೂ ದಿನ ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು.

ಕಾರ್ಡ್ ಮತ್ತು ಲೈಸೆನ್ಸ್

ಡೆಪಾಸಿಟ್‌ಗೆ ಸಾಮಾನ್ಯವಾಗಿ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನನ್ನ ಕಾರ್ಡಿನಲ್ಲಿ 300 ಪೌಂಡ್ ತಡೆಹಿಡಿದರು, ಕಾರು ಕೊಟ್ಟ ಕೆಲವು ದಿನಕ್ಕೆ ಬಿಡುಗಡೆ ಆಯಿತು. ಭಾರತದ ಕಾರ್ಡ್ ಬಳಸಿದರೆ ವಿದೇಶಿ ವಿನಿಮಯ ಶುಲ್ಕ ಅನೇಕ ಕಾರ್ಡುಗಳಲ್ಲಿ 3.5%, ಅದರ ಮೇಲೆ 18% ಜಿಎಸ್‌ಟಿ. ಇಲ್ಲಿನ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಇನ್ನೊಂದು ಲಾಭ: 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚಿನ, 30,000 ಮೀರದ ಖರೀದಿಯಲ್ಲಿ ಮಾರಿದವರು ಒಪ್ಪಂದ ಮುರಿದರೆ ಕಾರ್ಡ್ ಕಂಪನಿಯೂ ಹೊಣೆ.

ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದವರಿಗೆ 12 ತಿಂಗಳು ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಬ್ರಿಟನ್ನಿನ ಲೈಸೆನ್ಸ್ ಇದ್ದವರು ಡಿವಿಎಲ್‌ಎ ತಾಣದಿಂದ ಚೆಕ್ ಕೋಡ್ ತೆಗೆದಿಟ್ಟುಕೊಳ್ಳಿ. ಅದರ ಆಯಸ್ಸು 21 ದಿನ.

ಫೋಟೊ ಉಳಿಸಿದ 280 ಪೌಂಡ್

ಕಾರು ಕೊಟ್ಟು ಎರಡು ವಾರಕ್ಕೆ ಬಾಡಿಗೆ ಕಂಪನಿಯಿಂದ ಇಮೇಲ್ ಬಂತು. ಹಿಂದಿನ ಎಡ ಚಕ್ರಕ್ಕೆ ಗೀರು, ರಿಪೇರಿ 240 ಪೌಂಡ್, ಆಡಳಿತ ಶುಲ್ಕ 40. ಕಾರು ತೆಗೆದುಕೊಳ್ಳುವಾಗಲೇ ನಾಲ್ಕು ಚಕ್ರ, ನಾಲ್ಕು ಮೂಲೆ, ಗಾಜು, ಪೆಟ್ರೋಲ್ ಮುಳ್ಳು, ಮೈಲಿ ಮೀಟರ್ ಎಲ್ಲದರ ಫೋಟೊ ತೆಗೆದು, ಶಾಖೆಯ ಅಂಗಳದಲ್ಲೇ ನಿಂತು ಅವರ ವಿಳಾಸಕ್ಕೆ ಇಮೇಲ್ ಮಾಡಿದ್ದೆ. ಆ ಗೀರು ಅದರಲ್ಲೇ ಇತ್ತು. ಅದೇ ಇಮೇಲನ್ನು ಮತ್ತೆ ಕಳಿಸಿ, ಕಂಪನಿ ಬಿವಿಆರ್‌ಎಲ್‌ಎ ಸದಸ್ಯ ಆದ್ದರಿಂದ ಆ ಸಂಘದ ರಾಜಿ ಸೇವೆಗೆ ದೂರು ಕೊಡುತ್ತೇನೆ ಎಂದು ಒಂದು ಸಾಲು ಸೇರಿಸಿದೆ. ನಾಲ್ಕನೇ ದಿನ ಬೇಡಿಕೆ ಹಿಂದೆಗೆದುಕೊಂಡರು. ಫೋಟೊಗೆ ಹಿಡಿದ ಸಮಯ ಐದು ನಿಮಿಷ.

ದಂಡದ ಮೇಲೊಂದು ಶುಲ್ಕ

ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಜನವಸತಿ ಇರುವ ಹೆಚ್ಚಿನ ರಸ್ತೆಗಳಲ್ಲಿ ಮಿತಿ ಗಂಟೆಗೆ 20 ಮೈಲಿ. ಇಂಗ್ಲೆಂಡಿನ 30ರ ಅಭ್ಯಾಸದಲ್ಲಿ ಓಡಿಸಿದರೆ ಕನಿಷ್ಠ 100 ಪೌಂಡ್ ದಂಡ, 3 ಪಾಯಿಂಟ್ ಬೀಳಬಹುದು. ಚಾಲಕರ ಹೆಸರು ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಬೇರೆ ಶುಲ್ಕ ಹಾಕುತ್ತದೆ. ರಸ್ತೆಯ ಮೇಲೆ ದೊಡ್ಡದಾಗಿ ಅರಾವ್ ಎಂದು ಬರೆದಿರುತ್ತಾರೆ. ವೆಲ್ಷ್‌ನಲ್ಲಿ ನಿಧಾನ ಎಂದರ್ಥ. ಬೋರ್ಡುಗಳಲ್ಲಿ ಸ್ಥಳೀಯ ಭಾಷೆಯೇ ಮೇಲಿರುವುದನ್ನು ಕಂಡು ಅಪ್ಪನಿಗೆ ಬಹಳ ಖುಷಿ. ಪ್ರತಿ ಸಲ ಕಂಡಾಗಲೂ ಅದನ್ನು ಜೋರಾಗಿ ಓದುತ್ತಿದ್ದರು. ಅಂಥ ಸ್ಪೀಡ್ ಅಲಾರಂ ಯಾವ ಕಾರಿನಲ್ಲೂ ಬರುವುದಿಲ್ಲ! ಸೆವರ್ನ್ ಸೇತುವೆಗಳ ಟೋಲ್ ಮಾತ್ರ 2018ರ ಡಿಸೆಂಬರ್‌ನಲ್ಲೇ ರದ್ದಾಗಿದೆ.

ಬೇರೆ ದೇಶದಲ್ಲಿರುವವರಿಗೆ

ಅಮೆರಿಕದಲ್ಲಿ ಸ್ವಂತ ಕಾರಿನ ಪಾಲಿಸಿ ಅನೇಕ ಸಲ ಬಾಡಿಗೆ ಕಾರಿಗೂ ಅನ್ವಯಿಸುತ್ತದೆ. ಕೆಲವು ಕ್ರೆಡಿಟ್ ಕಾರ್ಡುಗಳೂ ರಕ್ಷಣೆ ಕೊಡುತ್ತವೆ, ಆದರೆ ಕೌಂಟರಿನ ಮನ್ನಾ ನಿರಾಕರಿಸಿದರೆ ಮಾತ್ರ ಎಂಬ ಷರತ್ತು ಸಾಮಾನ್ಯ. ದುಬೈನಲ್ಲಿ ಸಾಲಿಕ್ ಟೋಲ್ ಆಮೇಲೆ ಬಿಲ್ಲಿಗೆ ಸೇರುತ್ತದೆ. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರ್ ಕಡ್ಡಾಯ, ಅದಕ್ಕೆ ಪ್ರತ್ಯೇಕ ಹಣ ಇದೆಯೇ ಎಂದು ಕೇಳಿಕೊಳ್ಳಿ.

ಬುಕಿಂಗ್ ಒತ್ತುವ ಮುಂಚೆ ಒಂದು ಚೀಟಿಯಲ್ಲಿ ಐದು ಸಾಲು ಬರೆಯಿರಿ: ಎಕ್ಸೆಸ್ ಎಷ್ಟು, ಡೆಪಾಸಿಟ್ ಎಷ್ಟು, ಪೆಟ್ರೋಲ್ ಹೇಗೆ ವಾಪಸ್ ಕೊಡಬೇಕು, ಯಾರು ಓಡಿಸುತ್ತಾರೆ, ಎಷ್ಟು ಗಂಟೆಗೆ ತೆಗೆದುಕೊಂಡು ಎಷ್ಟು ಗಂಟೆಗೆ ಕೊಡುತ್ತೀರಿ. ಈ ಐದೂ ತುಂಬಿದ ಮೇಲೆ ಕಂಪನಿಗಳ ದರ ಹೋಲಿಸಿ. ಮೊದಲು ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಮೂರನೇ ಸ್ಥಾನಕ್ಕೆ ಇಳಿದಿರುತ್ತದೆ.